ಮರಳಿ ಹೋಗದವರ ಊರು

ದಕ್ಷಿಣ ಅಮೆರಿಕದ ಮಹಾನಗರಗಳಲ್ಲಿ ಒಂದೆನಿಸಿದ ಸಾವೊ ಪಾಲೊದ ನಡುಭಾಗದಲ್ಲಿ, ದೊಡ್ಡ ಇಗರ್ಜಿಯ ಚೌಕದಿಂದ ದಕ್ಷಿಣಕ್ಕೆ ಕೆಲವೇ ನಿಮಿಷ ನಡೆದರೆ ಲಿಬರ್ದಾಜಿ ಎಂಬ ಬಡಾವಣೆ ಸಿಕ್ಕುತ್ತದೆ. ಪೋರ್ಚುಗೀಸ್ ಭಾಷೆಯಲ್ಲಿ ಈ ಹೆಸರಿಗೆ ಸ್ವಾತಂತ್ರ್ಯವೆಂದು ಅರ್ಥ. ಬೀದಿಯ ಇಕ್ಕೆಲದಲ್ಲಿಯೂ ಕೆಂಪು ಕಂಬಗಳು. ಕಂಬಗಳ ತುದಿಯಲ್ಲಿ ಹೂಗೊಂಚಲಿನಂತೆ ಇಳಿಬಿದ್ದ ಬಿಳಿಯ ದೀಪಗಳು. ಗಾಲ್ವಾವ್ ಬುಯೇನೊ ಬೀದಿಗೆ ಅಡ್ಡಲಾಗಿ ಜಪಾನಿನ ದೇವಾಲಯಗಳ ಮುಂದೆ ಇರುವಂಥ ಕೆಂಪು ಮಹಾದ್ವಾರವೊಂದು 1974ರಿಂದ ನಿಂತಿದೆ. ಭಾನುವಾರ ಅಲ್ಲಿ ಸಂತೆ ಸೇರುತ್ತದೆ. ಕಾದ ಎಣ್ಣೆಯಲ್ಲಿ ಉಬ್ಬುವ ಪಾಸ್ತೆಲ್ ಎಂಬ ಕರಿದ ತಿಂಡಿಯ ವಾಸನೆಯೂ ಸೋಯಾ ರಸದ ವಾಸನೆಯೂ ಒಂದರೊಳಗೊಂದು ಬೆರೆತು ಬರುತ್ತವೆ. ಮಾರುವಾಕೆಯ ಮುಖ ಜಪಾನಿನದು; ಬಾಯಿಂದ ಬರುವ ಮಾತು ಅಪ್ಪಟ ಸಾವೊ ಪಾಲೊ ಪೋರ್ಚುಗೀಸ್.

ಬ್ರೆಜಿಲಿನಲ್ಲಿ ಇಂದು ಜಪಾನೀ ಮೂಲದವರ ಸಂಖ್ಯೆ 20 ಲಕ್ಷಕ್ಕೂ ಮೀರಿದೆಯೆಂದು ಅಂದಾಜು. ಜಪಾನಿನ ಹೊರಗೆ ಇಷ್ಟು ದೊಡ್ಡ ಜಪಾನೀ ಸಮುದಾಯ ಬೇರೊಂದಿಲ್ಲ. ಆದರೆ ಅಚ್ಚರಿಯ ಸಂಗತಿಯೆಂದರೆ, ಇವರ ಹಿರಿಯರಲ್ಲಿ ಅಲ್ಲಿಯೇ ನೆಲೆಸಬೇಕೆಂದು ಬಂದವರು ಬಹಳ ವಿರಳ. ನಾಲ್ಕೈದು ವರ್ಷ ದುಡಿದು, ಗಂಟು ಕಟ್ಟಿಕೊಂಡು, ಹುಟ್ಟಿದ ಹಳ್ಳಿಗೆ ಮರಳಿ ಎರಡು ಗದ್ದೆ ಕೊಳ್ಳಬೇಕೆಂಬುದೇ ಅವರೆಲ್ಲರ ಕನಸಾಗಿತ್ತು. ಮರಳಿ ಹೋಗುವವರೆಂದು ಬಂದವರು ಮರಳಿ ಹೋಗದವರಾದದ್ದು ಹೇಗೆ ಎಂಬುದೇ ಈ ಬೀದಿಗಳ ಕಥೆ.

ಕಾಗದದ ಮೇಲಿನ ಕುಟುಂಬಗಳು

1908ನೆಯ ಇಸವಿ ಏಪ್ರಿಲ್ 28ರಂದು ‘ಕಸಾತೊ ಮಾರು’ ಎಂಬ ಹಡಗು ಕೋಬೆ ಬಂದರಿನಿಂದ ಹೊರಟಿತು. ಏಳು ವಾರಗಳಿಗೂ ಮೀರಿದ ಸಮುದ್ರಯಾನದ ಬಳಿಕ ಜೂನ್ 18ರಂದು ಅದು ಬ್ರೆಜಿಲಿನ ಸಾಂತೊಸ್ ಬಂದರನ್ನು ಮುಟ್ಟಿತು. ಒಪ್ಪಂದದ ಮೇಲೆ ಕೂಲಿಗೆಂದು ಬಂದವರು 781 ಮಂದಿ. ಜೂನ್ ತಿಂಗಳು ಬ್ರೆಜಿಲಿನಲ್ಲಿ ಸಂತರ ಹಬ್ಬದ ಕಾಲ; ದಡದ ಮೇಲೆ ಸಿಡಿಯುತ್ತಿದ್ದ ಬಾಣಬಿರುಸುಗಳನ್ನು ಕಂಡು, ಅವು ತಮ್ಮ ಸ್ವಾಗತಕ್ಕಾಗಿಯೇ ಎಂದು ಹಡಗಿನವರು ಹಿಗ್ಗಿದರೆಂದು ಹೇಳುವುದುಂಟು.

ಅವರನ್ನು ಕರೆಸಿಕೊಂಡ ಕಾರಣ ಬೇರೆಯಿತ್ತು. ಬ್ರೆಜಿಲಿನಲ್ಲಿ ಗುಲಾಮಗಿರಿ ರದ್ದಾದುದು 1888ರಲ್ಲಿ. ಗುಲಾಮರ ಜಾಗಕ್ಕೆ ಬಂದ ಇಟಲಿಯ ಕೂಲಿಗಳ ಪಾಡನ್ನು ಕೇಳಿ, ಉಚಿತ ಪ್ರಯಾಣದ ಆಸೆ ತೋರಿಸಿ ಜನರನ್ನು ಒಯ್ಯುವುದನ್ನು ಇಟಲಿ ಸರಕಾರ 1902ರಲ್ಲಿ ತಡೆಯಿತು. ಕಾಫಿ ತೋಟಗಳಿಗೆ ಆಳುಗಳು ಬೇಕಾಗಿದ್ದರು. ಜಪಾನಿನ ಹಳ್ಳಿಗಳಲ್ಲಿ ಕೆಲಸವಿಲ್ಲದ ಕೈಗಳಿದ್ದವು.

ಒಂಟಿ ಗಂಡಸರು ಬಂದರೆ ಕೈಕೊಟ್ಟು ಓಡಿಹೋಗುತ್ತಾರೆಂದು ತೋಟದ ಮಾಲೀಕರಿಗೆ ಭಯ. ಆದುದರಿಂದ ಕುಟುಂಬ ಸಮೇತ ಬರಬೇಕು, ಕುಟುಂಬವೊಂದರಲ್ಲಿ ದುಡಿಯುವವರು ಕನಿಷ್ಠ ಮೂವರಾದರೂ ಇರಬೇಕೆಂದು ನಿಯಮವಾಯಿತು. ಆಗತಾನೆ ಮದುವೆಯಾದ ದಂಪತಿಗಳು ಮೂರನೆಯವನನ್ನು ಎಲ್ಲಿಂದ ತರಬೇಕು? ದೂರದ ಸೋದರಳಿಯ, ನೆರೆಮನೆಯ ಹುಡುಗ, ಗುರುತೇ ಇಲ್ಲದವನೊಬ್ಬ, ಹೀಗೆ ಯಾರನ್ನಾದರೂ ಕಾಗದದಲ್ಲಿ ತಮ್ಮನೆಂದೋ ಮಗನೆಂದೋ ಬರೆಸಿಕೊಂಡು ಹಡಗು ಹತ್ತಿದವರು ಎಷ್ಟೋ ಮಂದಿ. ಪರದೇಶದಲ್ಲಿ ಅವರ ಮೊದಲ ನೆಂಟಸ್ತಿಕೆ ಹುಟ್ಟಿದ್ದು ಹೀಗೆ, ಒಂದು ಸುಳ್ಳಿನಿಂದ. ಕೆಲವು ಕಾಗದದ ಕುಟುಂಬಗಳು ತೋಟ ಮುಟ್ಟಿದೊಡನೆ ಒಡೆದವು. ಕೆಲವು ನಿಜದ ಕುಟುಂಬಗಳೇ ಆದವು.

ಕಾಫಿ ತೋಟವೆಂದೊಡನೆ ಕನ್ನಡಿಗರ ಕಣ್ಣಮುಂದೆ ಬರುವುದು ಕೊಡಗು, ಚಿಕ್ಕಮಗಳೂರುಗಳ ಮರದ ನೆರಳು. ಸಾವೊ ಪಾಲೊ ಪ್ರಾಂತದ ತೋಟಗಳಲ್ಲಿ ಆ ನೆರಳಿರಲಿಲ್ಲ. ಕೆಂಪು ಮಣ್ಣಿನ ಏರುತಗ್ಗುಗಳಲ್ಲಿ ಬಿಸಿಲಿಗೆ ಒಡ್ಡಿದ ಗಿಡಗಳ ಸಾಲು ಕಣ್ಣು ಹಾಯುವವರೆಗೂ ಹಬ್ಬಿತ್ತು. ಬೆಳಗಿನ ಜಾವದಲ್ಲಿ ಗಂಟೆ ಬಾರಿಸಿದರೆ ಎದ್ದು ಹೊರಡಬೇಕು. ಮಣ್ಣಿನ ನೆಲದ ಮನೆ. ಉಪ್ಪು ಹಚ್ಚಿ ಒಣಗಿಸಿದ ಮೀನು, ಹಂದಿಯ ಕೊಬ್ಬಿನಲ್ಲಿ ಬೇಯಿಸಿದ ಕಾಳು, ಇವೇ ಊಟ. ಕಾಳೆಂದರೆ ಬೆಲ್ಲ ಸಕ್ಕರೆ ಹಾಕಿ ಸಿಹಿ ಮಾಡುವುದನ್ನಷ್ಟೇ ಬಲ್ಲ ಜಪಾನೀಯರಿಗೆ ಆ ಉಪ್ಪುಕಾಳು ಗಂಟಲಲ್ಲಿ ಇಳಿಯಲೊಲ್ಲದು. ತೋಟದ ಅಂಗಡಿಯಲ್ಲಿ ಸಾಲದ ಲೆಕ್ಕ ಏರುತ್ತಿತ್ತು. ಕೈಗೆ ಬರುವ ಕೂಲಿ ಹೇಳಿದ್ದಕ್ಕಿಂತ ಎಷ್ಟೋ ಕಡಿಮೆ. ಹೆಚ್ಚು ಕಾಲ ಕಳೆಯುವುದರೊಳಗೆ ಬಹುಪಾಲು ಜನ ತೋಟ ಬಿಟ್ಟರು. ಕೆಲವರು ರಾತ್ರೋರಾತ್ರಿ ಹೊರಟುಹೋದರು.

ನೆಲಮಾಳಿಗೆಯ ಬದುಕು

ತೋಟ ಬಿಟ್ಟವರಲ್ಲಿ ಒಂದು ಪಾಲು ನಗರಕ್ಕೆ ಬಂದಿತು. ಸುಮಾರು 1912ರಿಂದ ಲಿಬರ್ದಾಜಿಯ ಕೋಂದೆ ಜಿ ಸರ್ಜೇದಸ್ ಎಂಬ ಕಡಿದಾದ ಇಳಿಜಾರಿನ ಬೀದಿಯಲ್ಲಿ ಜಪಾನೀಯರು ನೆಲೆಗೊಳ್ಳತೊಡಗಿದರು. ಅಲ್ಲಿಯ ಮನೆಗಳಿಗೆ ನೆಲಮಾಳಿಗೆಗಳಿದ್ದವು. ಬೆಳಕು ಕಡಿಮೆ, ಬಾಡಿಗೆಯೂ ಕಡಿಮೆ. ಒಂದೊಂದು ಕೋಣೆಯಲ್ಲಿ ಹಲವರು ಕೂಡಿ ಇರಬಹುದಾಗಿತ್ತು. ಕೆಲಸ ಹುಡುಕಲು ನಗರದ ನಡುಭಾಗ ಕಾಲ್ನಡಿಗೆಯ ದೂರದಲ್ಲಿತ್ತು. ಈ ಬಡಾವಣೆ ಅದಕ್ಕೂ ಮೊದಲೇ ನಗರವು ದೂರವಿಟ್ಟವರ ಜಾಗ. ಹಿಂದೆ ಅಲ್ಲಿ ಗಲ್ಲುಗಂಬವಿತ್ತು, ಗುಲಾಮರನ್ನೂ ಬಡವರನ್ನೂ ಹೂಳುವ ಸ್ಮಶಾನವಿತ್ತು. ನೇಣಿಗೇರಿದವರ ಆತ್ಮಗಳ ಹೆಸರಿನ ಇಗರ್ಜಿ ಇಂದಿಗೂ ಚೌಕದಲ್ಲಿದೆ.

ಆ ನೆಲಮಾಳಿಗೆಗಳಲ್ಲಿ ಸಮುದಾಯವೊಂದು ಮೊಳೆಯಿತು. ಅದರ ಬೇರು ಬಹಳ ಸಣ್ಣ ಸಣ್ಣ ಏರ್ಪಾಡುಗಳಲ್ಲಿತ್ತು. ಮೊದಲನೆಯದು ‘ತಾನೊಮೊಶಿ’. ಹತ್ತಾರು ಜನ ಸೇರಿ ತಿಂಗಳಿಗೆ ಇಂತಿಷ್ಟೆಂದು ಹಣ ಹಾಕುವುದು, ಪ್ರತಿ ತಿಂಗಳೂ ಒಬ್ಬರು ಇಡುಗಂಟನ್ನು ಎತ್ತುವುದು. ನಮ್ಮ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇದು ನಮ್ಮ ಚೀಟಿಯೇ! ಬ್ಯಾಂಕು ಬಾಗಿಲು ತೆರೆಯದವರಿಗೆ ಈ ಚೀಟಿಯ ಹಣದಿಂದ ತುಂಡು ನೆಲ ಬಂದಿತು, ಬಿತ್ತನೆಗೆ ಬೀಜ ಬಂದಿತು, ಅಂಗಡಿಗೆ ಬಂಡವಾಳ ಬಂದಿತು. ಚೀಟಿ ಎತ್ತಿದವನು ಉಳಿದ ಕಂತುಗಳನ್ನು ಕಟ್ಟುತ್ತಾನೆಂಬುದಕ್ಕೆ ಹೊಣೆ ಕಾಗದಪತ್ರವಲ್ಲ, ನಾಲ್ಕು ಜನರ ಮುಂದೆ ಉಳಿಸಿಕೊಳ್ಳಬೇಕಾದ ಮರ್ಯಾದೆ. ಊರು ಬಿಟ್ಟು ಬಂದವನಿಗೆ ಇಂಥ ನಾಲ್ಕು ಜನ ಸಿಕ್ಕರೆ ಅರ್ಧ ಊರೇ ಸಿಕ್ಕಂತೆ.

ಎರಡನೆಯದು ಪ್ರಾಂತಸಂಘಗಳು. ಮುಂಬಯಿಯಲ್ಲಿ ಕನ್ನಡಿಗರು ಸಂಘ ಕಟ್ಟಿಕೊಂಡಂತೆ, ಹಿರೋಶಿಮಾದವರು, ಕುಮಾಮೊಟೊದವರು, ಓಕಿನಾವಾದವರು ತಮತಮಗೆ ಸಂಘಗಳನ್ನು ಕಟ್ಟಿಕೊಂಡರು. ಮೂರನೆಯದು ಅಕ್ಷರ. 1915ರಲ್ಲಿ ಈ ಬೀದಿಯಲ್ಲಿ ‘ತೈಶೋ’ ಎಂಬ ಹೆಸರಿನ ಜಪಾನೀ ಶಾಲೆ ತೆರೆಯಿತು. 1916ರಿಂದ ಜಪಾನೀ ಪತ್ರಿಕೆಗಳು ಹೊರಟವು. ಹಳ್ಳಿಗಾಡಿನಲ್ಲಿ ನಿಂತವರು ಸಹಕಾರ ಸಂಘಗಳನ್ನು ಮಾಡಿಕೊಂಡರು. 1927ರಲ್ಲಿ ನಗರದ ಹೊರವಲಯದ ಕೊತಿಯದಲ್ಲಿ 83 ಮಂದಿ ಆಲೂಗೆಡ್ಡೆ ಬೆಳೆಗಾರರು ಕೂಡಿ ಹುಟ್ಟಿಸಿದ ಸಹಕಾರ ಸಂಘ, ಮುಂದೆ ಬ್ರೆಜಿಲಿನ ಅತಿ ದೊಡ್ಡ ಕೃಷಿ ಸಹಕಾರ ಸಂಸ್ಥೆಗಳಲ್ಲಿ ಒಂದಾಗಿ ಬೆಳೆದು, 1994ರಲ್ಲಿ ಮುಚ್ಚಿತು.

ಅಡಿಗೆಮನೆಯಲ್ಲಿಯೂ ಹೊಂದಾಣಿಕೆ ನಡೆದಿತ್ತು. ಉಪ್ಪಿನಕಾಯಿಗೆ ಊರಿನ ತರಕಾರಿ ಇಲ್ಲವಾದರೆ ಎಳೆಯ ಪರಂಗಿಕಾಯಿ ಇದೆಯಲ್ಲ! ಜಪಾನಿನ ಊಟದಲ್ಲಿ ಅನ್ನದೊಡನೆ ನಂಜಿಕೊಳ್ಳುವ ಕೆಂಪು ಹುಳಿಹಣ್ಣು ‘ಉಮೆ’ ಅಲ್ಲಿ ಬೆಳೆಯದು. ಅದರ ಬದಲಿಗೆ ನಮ್ಮ ಉತ್ತರ ಕರ್ನಾಟಕದ ಪುಂಡಿಗೆ ನಂಟಾದ ಗಿಡವೊಂದರ ಹುಳಿಗೆಂಪು ಎಸಳುಗಳಿಗೆ ಉಪ್ಪು ಹಾಕಿ ಇಟ್ಟರು. ಅದಕ್ಕೆ ‘ಹೂವಿನ ಉಮೆ’ ಎಂದು ಹೆಸರಿಟ್ಟರು. ಎಣ್ಣೆಯ ಪೀಪಾಯಿಯಲ್ಲಿ ನೀರು ಕಾಯಿಸಿ ಕುತ್ತಿಗೆಯವರೆಗೂ ಮುಳುಗಿ ಕುಳಿತರೆ ಊರಿನ ಸ್ನಾನದ ಸುಖ. ಇಷ್ಟಾದರೂ ಪೆಟ್ಟಿಗೆಗಳನ್ನು ಪೂರ್ತಿಯಾಗಿ ಬಿಚ್ಚಿರಲಿಲ್ಲ. ಮಕ್ಕಳಿಗೆ ಜಪಾನೀ ಕಲಿಸುತ್ತಿದ್ದುದೂ ಮರಳಿದ ಮೇಲೆ ಊರಿನ ಶಾಲೆಯಲ್ಲಿ ಹಿಂದೆ ಬೀಳಬಾರದೆಂದು.

ಮುರಿದ ಕನಸು

ಆ ಕನಸನ್ನು ಮುರಿದುದು ಯುದ್ಧ. 1938ರಿಂದಲೇ ಬ್ರೆಜಿಲ್ ಸರಕಾರ ಹಳ್ಳಿಗಾಡಿನ ಪರಭಾಷೆಯ ಶಾಲೆಗಳನ್ನು ಮುಚ್ಚಿಸತೊಡಗಿತು. 1941ರಲ್ಲಿ ಜಪಾನೀ ಪತ್ರಿಕೆಗಳು ನಿಂತವು. 1942ರ ಜನವರಿಯಲ್ಲಿ ಎರಡು ದೇಶಗಳ ಸಂಬಂಧ ಕಡಿದುಹೋಯಿತು. ನಾಲ್ಕು ಜನರ ನಡುವೆ ಜಪಾನೀ ಮಾತನಾಡುವುದೇ ಅಪರಾಧವಾಯಿತು. ಪಕ್ಕದ ಊರಿಗೆ ಹೋಗಲು ಪೊಲೀಸರ ಅಪ್ಪಣೆಚೀಟಿ ಬೇಕಾಯಿತು. ಕೋಂದೆ ಜಿ ಸರ್ಜೇದಸ್ ಬೀದಿಯಿಂದ ಜಪಾನೀಯರನ್ನು ಎಬ್ಬಿಸಲಾಯಿತು. 1943ರ ಜುಲೈಯಲ್ಲಿ ಸಾಂತೊಸ್ ಬಂದರಿನ ಕುಟುಂಬಗಳಿಗೆ ಊರು ಬಿಡಲು ಸಿಕ್ಕ ಗಡುವು 24 ಗಂಟೆ. ಈ ಅನ್ಯಾಯಗಳಿಗಾಗಿ ಬ್ರೆಜಿಲ್ ಸರಕಾರ ಕ್ಷಮೆ ಕೇಳಿದುದು 2024ರ ಜುಲೈಯಲ್ಲಿ. ನೊಂದವರಲ್ಲಿ ಹೆಚ್ಚಿನವರು ಆ ವೇಳೆಗೆ ತೀರಿಕೊಂಡಿದ್ದರು.

ಹೊರಗಿನವರು ಕೊಟ್ಟ ಪೆಟ್ಟಿಗಿಂತ ಒಳಗಿನವರು ಕೊಟ್ಟುಕೊಂಡ ಪೆಟ್ಟು ದೊಡ್ಡದು. 1945ರ ಆಗಸ್ಟಿನಲ್ಲಿ ಜಪಾನ್ ಶರಣಾಯಿತು. ಪತ್ರಿಕೆಯಿಲ್ಲದ, ಪೋರ್ಚುಗೀಸ್ ಬಾರದ ಜನರಲ್ಲಿ ಬಹುಮಂದಿ ಅದನ್ನು ನಂಬಲಿಲ್ಲ. ಗೆದ್ದೆವೆಂದು ನಂಬಿದವರದೊಂದು ಪಂಗಡ, ಸೋತೆವೆಂದು ಒಪ್ಪಿದವರದೊಂದು ಪಂಗಡ. ನಂಬಿದವರೇ ಬಹು ಹೆಚ್ಚು. ಅವರಲ್ಲಿ ‘ಶಿಂದೊ ರೆನ್ಮೆಯ್’ ಎಂಬ ಗುಪ್ತ ಸಂಘದ ಉಗ್ರರು, ಸೋಲಿನ ಸುದ್ದಿ ಹೇಳಿದವರನ್ನು ದೇಶದ್ರೋಹಿಗಳೆಂದು ಕರೆದು ಮನೆಬಾಗಿಲಿಗೆ ಹೋಗಿ ಕೊಂದರು. 1946ರಿಂದ 1947ರ ಆರಂಭದವರೆಗೆ ಸತ್ತವರು 23 ಮಂದಿ. ಒಂದೇ ಚೀಟಿಗೆ ಹಣ ಹಾಕಿದ್ದವರು ಒಬ್ಬರ ಮುಖ ಒಬ್ಬರು ನೋಡದಂತಾದರು. ಇದೇ ಸಮಯವೆಂದು ಠಕ್ಕರು, ಕರೆದೊಯ್ಯಲು ಹಡಗು ಬರುತ್ತದೆಂದು ಸುಳ್ಳು ಟಿಕೆಟುಗಳನ್ನೂ ಬೆಲೆಯಿಲ್ಲದ ಜಪಾನೀ ನೋಟುಗಳನ್ನೂ ಮಾರಿದರು. ಅವನ್ನು ನಂಬಿ ಇದ್ದ ಭೂಮಿ ಕಳೆದುಕೊಂಡವರೂ ಉಂಟು.

ಇದನ್ನು ಕೇವಲ ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಮೂವತ್ತು ವರ್ಷ ಅವಮಾನ ನುಂಗಿ ದುಡಿದವನಿಗೆ ಮರಳಿ ಹೋಗುವ ಊರೊಂದಿದೆ ಎಂಬುದೇ ಊರುಗೋಲಾಗಿತ್ತು. ಅದು ಬೂದಿಯಾಯಿತೆಂದು ಒಪ್ಪಿದರೆ ನಿಲ್ಲುವುದೆಲ್ಲಿ? ಮೊದಲ ತಂಡವನ್ನು ತಂದ ಕಸಾತೊ ಮಾರು ಹಡಗು ಕೂಡ ಅದೇ ಆಗಸ್ಟಿನಲ್ಲಿ ಬಾಂಬಿಗೆ ತುತ್ತಾಗಿ ಸಮುದ್ರದ ಪಾಲಾಗಿತ್ತು.

ಪೆಟ್ಟಿಗೆ ಬಿಚ್ಚಿದ ಮೇಲೆ

ಗಾಯ ಮಾಯಲು ವರ್ಷಗಳು ಹಿಡಿದವು. ಆದರೆ ಇನ್ನು ಹಿಂದಿರುಗುವುದಿಲ್ಲವೆಂದು ಮನಸ್ಸಿಗೆ ಬಂದೊಡನೆ ಬದುಕಿನ ರೀತಿಯೇ ಬದಲಾಯಿತು. ಕೂಡಿಟ್ಟ ಹಣ ಮಕ್ಕಳ ಓದಿಗೆ ಹರಿಯಿತು. ಮಕ್ಕಳಿಗೆ ಎರಡು ಹೆಸರು: ಮನೆಯಲ್ಲಿ ಜಪಾನೀ, ಶಾಲೆಯಲ್ಲಿ ಬ್ರೆಜಿಲಿನದು. 1953ರಲ್ಲಿ ಗಾಲ್ವಾವ್ ಬುಯೇನೊ ಬೀದಿಯಲ್ಲಿ ಜಪಾನೀ ಚಿತ್ರಗಳಿಗೆಂದೇ ‘ನಿತೆರಾಯ್’ ಚಿತ್ರಮಂದಿರ ತೆರೆಯಿತು. ಸುತ್ತಲೂ ಉಪಾಹಾರಗೃಹ, ಪುಸ್ತಕದಂಗಡಿ, ವಸತಿಗೃಹಗಳು ಎದ್ದು, ನೆಲಮಾಳಿಗೆಯವರು ಬೀದಿಯ ಬೆಳಕಿಗೆ ಬಂದರು. 1968ರಲ್ಲಿ ಹೊಸ ಹೆದ್ದಾರಿಗಾಗಿ ಚಿತ್ರಮಂದಿರ ಆ ಜಾಗ ಬಿಡಬೇಕಾಯಿತು. ಬಡಾವಣೆ ಮಾತ್ರ ಉಳಿಯಿತು. 1978ರಲ್ಲಿ ಅಲ್ಲಿಯೇ ವಲಸೆಯ ವಸ್ತುಸಂಗ್ರಹಾಲಯವೂ ತೆರೆಯಿತು. 1998ರಿಂದ ನಡೆಯುತ್ತಿರುವ ಜಪಾನ್ ಉತ್ಸವದಲ್ಲಿ ಪ್ರಾಂತಸಂಘಗಳವರು ತಮ್ಮ ತಮ್ಮ ಸೀಮೆಯ ಅಡಿಗೆ ಮಾಡಿ ಬಡಿಸುತ್ತಾರೆ. ತಿನ್ನಲು ನಗರದ ಎಲ್ಲ ಬಣ್ಣದ ಜನರೂ ಬರುತ್ತಾರೆ. ಇಂದು ಲಿಬರ್ದಾಜಿಯಲ್ಲಿ ಚೀನೀಯರ, ಕೊರಿಯನ್ನರ ಅಂಗಡಿಗಳೂ ಬಹಳ. ಬೇರೆ ಬೇರೆ ಬಡಾವಣೆಗಳಿಗೆ ಚದುರಿದ ಜಪಾನೀ ಮನೆಗಳವರು ಅಜ್ಜಿಯನ್ನು ‘ಬಾಚಾನ್’ ಎಂದು ಕರೆಯುತ್ತ, ಉಳಿದೆಲ್ಲ ಮಾತನ್ನೂ ಪೋರ್ಚುಗೀಸಿನಲ್ಲಿ ಆಡುತ್ತಾರೆ.

ಕಥೆಗೆ ಇನ್ನೂ ಒಂದು ತಿರುವಿದೆ. 1990ರಲ್ಲಿ ಜಪಾನ್ ತನ್ನ ಕಾರಖಾನೆಗಳಿಗೆ ಆಳು ಸಾಲದೆ, ವಲಸೆ ಹೋದವರ ಮಕ್ಕಳು ಮೊಮ್ಮಕ್ಕಳಿಗೆ ಬಾಗಿಲು ತೆರೆಯಿತು. ಅಜ್ಜ ಕಂಡ ಮರಳುವ ಕನಸನ್ನು ಮೊಮ್ಮಗ ನನಸು ಮಾಡಿದನೆನ್ನೋಣವೆ? ಮುಖ ಒಂದೇ, ರಕ್ತ ಒಂದೇ. ಆದರೆ ಮಾತು ಬಾರದು, ಬಗ್ಗಿ ವಂದಿಸುವ ರೀತಿ ತಿಳಿಯದು, ನಗು ಬಲು ಗಟ್ಟಿ. ಬ್ರೆಜಿಲಿನಲ್ಲಿ ಜಪಾನೀಯನೆನಿಸಿಕೊಂಡವನು ಜಪಾನಿನಲ್ಲಿ ಬ್ರೆಜಿಲಿನವನಾದ. 2007ರ ವೇಳೆಗೆ ಅಲ್ಲಿ ಬ್ರೆಜಿಲಿನವರು ಮೂರು ಲಕ್ಷ ಮೀರಿದ್ದರು. 2009ರ ಮುಗ್ಗಟ್ಟಿನಲ್ಲಿ ಜಪಾನ್ ಸರಕಾರ ಕೆಲಸ ಕಳೆದುಕೊಂಡವನ ಕೈಗೆ ಮೂರು ಲಕ್ಷ ಯೆನ್ ಕೊಟ್ಟು, ಅದೇ ಬಗೆಯ ಪರವಾನಗಿಯ ಮೇಲೆ ತಿರುಗಿ ಬರಬಾರದೆಂಬ ಕರಾರಿನ ಮೇಲೆ ಕಳುಹಿಸಿತು. ಕೆಲವರು ಹೋದರು, ಉಳಿದವರು ಉಳಿದರು. ಗುನ್ಮ ಪ್ರಾಂತದ ಓಯ್‌ಜುಮಿ ಎಂಬ ಕಾರಖಾನೆಯ ಊರಿನಲ್ಲಿ ಈಗ ಹತ್ತಿರ ಹತ್ತಿರ ಹತ್ತರಲ್ಲೊಂದು ಪಾಲು ಜನ ಬ್ರೆಜಿಲಿನವರು. ಅಲ್ಲಿಯ ಅಂಗಡಿಗಳ ಫಲಕ ಪೋರ್ಚುಗೀಸಿನಲ್ಲಿದೆ. ಉಪಾಹಾರಗೃಹದಲ್ಲಿ ಬಡಿಸುವುದು, ಅಂದು ಅಜ್ಜನ ಗಂಟಲಲ್ಲಿ ಇಳಿಯದಿದ್ದ ಆ ಉಪ್ಪುಕಾಳು. ಮೊಮ್ಮಗನಿಗೆ ಅದೇ ಊರಿನ ರುಚಿ.

ಪರದೇಶದಲ್ಲಿ ನೆಲೆ ನಿಂತವರೆಲ್ಲರಿಗೂ, ಇಂದು ಕೊಲ್ಲಿಯ ದೇಶಗಳಲ್ಲಿಯೂ ಅಮೆರಿಕದಲ್ಲಿಯೂ ದಿನಗಳನ್ನೆಣಿಸುತ್ತಿರುವ ನಮ್ಮವರಿಗೂ, ಲಿಬರ್ದಾಜಿ ಹೇಳುವ ಮಾತು ಒಂದೇ. ಊರಿನ ನೆನಪು ಯಾರನ್ನೂ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಆದರೆ ನೆನಪೊಂದನ್ನೇ ನೆಚ್ಚಿ ಕುಳಿತವರಿಗೆ ಅದು ಒಮ್ಮೆ ಕೈಕೊಟ್ಟಿತು. ಕೊನೆಗೆ ಅವರ ಕೈಹಿಡಿದುದು ನೆರೆಮನೆಯವನೊಡನೆ ಹಾಕಿದ ಚೀಟಿ, ಕೂಡಿ ನಡೆಸಿದ ಶಾಲೆ, ಇದ್ದ ನೆಲದಲ್ಲಿ ಬೆಳೆದುದನ್ನೇ ಉಪ್ಪು ಹಾಕಿ ಒಗ್ಗಿಸಿಕೊಂಡ ಅಡಿಗೆ.