ಒಪ್ಪಿಗೆ ಪತ್ರದ ಕೊನೆಯ ಸಾಲು

ಆಸ್ಪತ್ರೆಯ ಒಪ್ಪಿಗೆ ಪತ್ರವನ್ನು ದಾದಿಯೊಬ್ಬರು ನನ್ನ ಕೈಗಿತ್ತು, "ಓದಿ ಸಹಿ ಹಾಕಿ ಸರ್" ಎಂದು ಹೇಳಿ ಹೋದರು. ಅರಿವಳಿಕೆಯಿಂದ ಆಗಬಹುದಾದ ತೊಂದರೆ, ರಕ್ತಸ್ರಾವ, ಸೋಂಕು ಮುಂತಾದ ವಿವರಗಳನ್ನು ಓದುತ್ತಾ ಸಾಗಿದೆ. ಕೊನೆಯ ಸಾಲಿನ ಬಳಿ ಲೇಖನಿ ತಾನಾಗಿಯೇ ನಿಂತಿತು. ಈ ಶಸ್ತ್ರಚಿಕಿತ್ಸೆಯ ನಂತರ ಸಂತಾನಶಕ್ತಿ ಶಾಶ್ವತವಾಗಿ ಇಲ್ಲವಾಗುತ್ತದೆ, ಅದನ್ನು ಮರಳಿ ಪಡೆಯಲಾಗದು ಎಂಬುದನ್ನು ನಾನು ತಿಳಿದು ಒಪ್ಪಿದ್ದೇನೆ ಎಂಬುದು ಅದರ ಸಾರಾಂಶ.

ಆಗ ನನಗೆ ಅರವತ್ತಾರು ವರ್ಷ. ಪಕ್ಕದಲ್ಲಿ ಕುಳಿತಿದ್ದ ನನ್ನ ಪತ್ನಿಗೆ ಅರವತ್ತೊಂದು. ಈ ವಯಸ್ಸಿನಲ್ಲಿ ಅಂಥ ಒಂದು ಸಾಲಿಗೆ ಯಾರಾದರೂ ತಡವರಿಸುವರೇ ಎಂದು ಓದುಗರು ನಗಬಹುದು. ಆದರೆ ನಮಗೆ ಮಕ್ಕಳಿಲ್ಲ. ಮದುವೆಯಾದ ಮೊದಲ ಹದಿನೈದು ವರ್ಷ ನಾವು ಹೋಗದ ಪುಣ್ಯಕ್ಷೇತ್ರವಿಲ್ಲ. ದೋರನಹಳ್ಳಿಯ ಸಂತ ಅಂತೋಣಿಯವರ ಸನ್ನಿಧಿಯಲ್ಲಿ ಮೊಣಕಾಲೂರಿದೆವು, ಅತ್ತೂರಿನಲ್ಲಿ ಮೇಣದಬತ್ತಿ ಹಚ್ಚಿದೆವು, ವೇಳಾಂಕಣಿಯಲ್ಲಿ ಪುಟ್ಟ ತೊಟ್ಟಿಲು ಕಟ್ಟಿ ಬಂದೆವು. ಬಂಧುಗಳು ಅಬ್ರಹಾಮನ ನೂರು ವರ್ಷವನ್ನೂ ಜಕರೀಯನ ಮುಪ್ಪನ್ನೂ ನೆನಪಿಸಿ ಸಮಾಧಾನ ಹೇಳುತ್ತಿದ್ದರು. ಕಾಲ ಕಳೆಯಿತು, ಪ್ರಾರ್ಥನೆ ಮೌನವಾಯಿತು. ಆದರೆ ಎಂದೋ ನಂದಿತೆಂದು ತಿಳಿದಿದ್ದ ಕೆಂಡದಲ್ಲಿ ಒಂದು ಕಿಡಿ ಇನ್ನೂ ಉಳಿದಿತ್ತೆಂಬುದು ಆ ಸಾಲನ್ನು ಓದುವ ತನಕ ನನಗೇ ತಿಳಿದಿರಲಿಲ್ಲ.

ಅದಕ್ಕೂ ಎರಡು ತಿಂಗಳ ಮೊದಲು ಸೊಂಟದ ನೋವೆಂದು ನಾನು ವೈದ್ಯರಲ್ಲಿಗೆ ಹೋಗಿದ್ದೆ. ವಯಸ್ಸಾಯಿತು, ಎಣ್ಣೆ ಹಚ್ಚಿದರೆ ಸರಿಹೋಗುತ್ತದೆಂದು ಬಹಳ ದಿನ ತಳ್ಳಿದ ನೋವು ಅದು. ರಾತ್ರಿ ನಾಲ್ಕೈದು ಬಾರಿ ಮೂತ್ರಕ್ಕೆ ಏಳಬೇಕಾಗುತ್ತಿದ್ದುದನ್ನು ಮಾತ್ರ ಸಂಕೋಚದಿಂದ ಯಾರಿಗೂ ಹೇಳಿರಲಿಲ್ಲ. ಪಿ.ಎಸ್.ಎ. ಎಂಬ ರಕ್ತಪರೀಕ್ಷೆ, ಆಮೇಲೆ ಬಯಾಪ್ಸಿ, ಮೂಳೆಗಳ ಸ್ಕ್ಯಾನ್ ಎಲ್ಲವೂ ಮುಗಿದಾಗ ತಿಳಿದುದೇನೆಂದರೆ, ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಬೆನ್ನುಮೂಳೆಯನ್ನು ತಲುಪಿತ್ತು.

ವೈದ್ಯರು ತಾಳ್ಮೆಯಿಂದ ವಿವರಿಸಿದರು. ಈ ಬಗೆಯ ಕ್ಯಾನ್ಸರ್ ಬೆಳೆಯುವುದಕ್ಕೆ ಟೆಸ್ಟೋಸ್ಟೆರಾನ್ ಎಂಬ ಪುರುಷ ಹಾರ್ಮೋನೇ ಗೊಬ್ಬರ. ಅದರ ಬಹುಪಾಲು ಉತ್ಪತ್ತಿಯಾಗುವುದು ವೃಷಣಗಳಲ್ಲಿ. ಆ ಹಾರ್ಮೋನನ್ನು ನಿಲ್ಲಿಸಿದರೆ ರೋಗ ಕುಗ್ಗುತ್ತದೆ, ನೋವು ಇಳಿಯುತ್ತದೆ. ಇದನ್ನು 1941ರಲ್ಲಿ ಚಿಕಾಗೋದ ಚಾರ್ಲ್ಸ್ ಹಗಿನ್ಸ್ ಎಂಬ ವೈದ್ಯರು ತಮ್ಮ ಸಂಗಡಿಗರೊಂದಿಗೆ ತೋರಿಸಿಕೊಟ್ಟರು. ಅದಕ್ಕಾಗಿ 1966ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ದೊರೆಯಿತು. ಹಾರ್ಮೋನನ್ನು ನಿಲ್ಲಿಸಲು ಎರಡು ದಾರಿಗಳಿವೆ. ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಚುಚ್ಚುಮದ್ದು ತೆಗೆದುಕೊಳ್ಳುತ್ತಾ ಹೋಗುವುದು ಒಂದು. ಎರಡೂ ವೃಷಣಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದುಬಿಡುವುದು ಇನ್ನೊಂದು. ಇದಕ್ಕೆ ಆರ್ಕಿಡೆಕ್ಟಮಿ ಎಂದು ಹೆಸರು. ಮೊದಲನೆಯದು ದುಬಾರಿ ಮತ್ತು ಜೀವನಪರ್ಯಂತದ್ದು. ಎರಡನೆಯದು ಒಂದೇ ಬಾರಿಯದು, ಒಂದೇ ದಿನದೊಳಗೆ ಹಾರ್ಮೋನನ್ನು ತಗ್ಗಿಸುವಂಥದ್ದು. ಆದರೆ ಮರಳಿ ಬರಲಾಗದ ದಾರಿ. ಎರಡರಿಂದಲೂ ರೋಗ ಹತೋಟಿಗೆ ಬರುತ್ತದೆಯೇ ಹೊರತು ಬೇರುಸಹಿತ ಹೋಗುವುದಿಲ್ಲ, ಜೊತೆಗೆ ಬೇರೆ ಮಾತ್ರೆಗಳೂ ಬೇಕಾಗುತ್ತವೆ ಎಂದೂ ಅವರು ಮುಚ್ಚುಮರೆಯಿಲ್ಲದೆ ತಿಳಿಸಿದರು.

ನಿವೃತ್ತ ಶಿಕ್ಷಕನ ಪಿಂಚಣಿಯನ್ನು ಲೆಕ್ಕ ಹಾಕಿದೆವು. ದೂರದ ನಗರಕ್ಕೆ ಮತ್ತೆ ಮತ್ತೆ ಹೋಗಿಬರುವ ಶ್ರಮವನ್ನು ಲೆಕ್ಕ ಹಾಕಿದೆವು. ಬುದ್ಧಿ ಶಸ್ತ್ರಚಿಕಿತ್ಸೆಯ ಕಡೆಗೆ ವಾಲಿತು. ಮನಸ್ಸಾಕ್ಷಿ ಮಾತ್ರ ಒಪ್ಪಲಿಲ್ಲ.

ಅದಕ್ಕೊಂದು ಕಾರಣವಿದೆ. ತುರ್ತುಪರಿಸ್ಥಿತಿಯ ದಿನಗಳಲ್ಲಿ ನಾನು ಹದಿನೆಂಟರ ಹರೆಯದವನು. 1976-77ರ ಒಂದೇ ವರ್ಷದಲ್ಲಿ ದೇಶದಾದ್ಯಂತ 80 ಲಕ್ಷಕ್ಕೂ ಹೆಚ್ಚು ಮಂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಯಿತು. ಅವರಲ್ಲಿ ಹೆಚ್ಚಿನವರು ಪುರುಷರು. ನಮ್ಮ ಹಳ್ಳಿಗಳಲ್ಲಿ "ಆಪರೇಷನ್" ಎಂಬ ಪದಕ್ಕೆ ಅಂದಿನಿಂದ ಅದೊಂದೇ ಅರ್ಥ. ಅಂಥ ಆಪರೇಷನ್ ದೇವರ ಯೋಜನೆಗೆ ಅಡ್ಡಬರುವ ಕಾರ್ಯವೆಂದು ಸತ್ಯೋಪದೇಶದ ತರಗತಿಯಲ್ಲಿ ಕಲಿತವನು ನಾನು, ಮುಂದೆ ಮಕ್ಕಳಿಗೆ ಕಲಿಸಿದವನೂ ಹೌದು. ಆ ಆಪರೇಷನ್ನಿನಲ್ಲಿ ಕತ್ತರಿಸುವುದು ನಾಳಗಳನ್ನು ಮಾತ್ರ, ಗ್ರಂಥಿಗಳು ಹಾಗೆಯೇ ಉಳಿಯುತ್ತವೆ. ಇಲ್ಲಿಯಾದರೋ ಗ್ರಂಥಿಗಳನ್ನೇ ತೆಗೆಯುತ್ತಾರೆ. ಅದೇ ತಪ್ಪೆಂದಾದರೆ ಇದು ಇನ್ನೂ ದೊಡ್ಡ ತಪ್ಪಾಗಬೇಡವೇ? ಅದರ ಮೇಲೆ, ನನ್ನ ವೃಷಣಗಳಲ್ಲಿ ರೋಗವಿರಲಿಲ್ಲ. ರೋಗವಿದ್ದದ್ದು ಬೇರೆಡೆ. ರೋಗವಿಲ್ಲದ ಅಂಗವನ್ನು ಕತ್ತರಿಸಿಕೊಳ್ಳುವ ಹಕ್ಕು ನನಗಿದೆಯೇ?

ಈ ಪ್ರಶ್ನೆಯನ್ನು ಹೊತ್ತು ಒಂದು ಸಂಜೆ ನಮ್ಮ ಧರ್ಮಕೇಂದ್ರದ ಗುರುಗಳ ಮನೆಗೆ ಹೋದೆ. ಪಾಪನಿವೇದನೆ ಮಾಡಬೇಕೆಂದು ಹೇಳಿ ಕುಳಿತೆ. ಗುರುಗಳು ಎಲ್ಲವನ್ನೂ ಕೇಳಿ, "ಮೇಷ್ಟ್ರೇ, ಇದರಲ್ಲಿ ನಿವೇದಿಸುವ ಪಾಪ ಎಲ್ಲಿದೆ? ಬನ್ನಿ, ಮಾತನಾಡೋಣ" ಎಂದು ಹೊರಗಿನ ಜಗಲಿಗೆ ಕರೆದೊಯ್ದರು.

ಅವರು ಹೇಳಿದ ಸಂಗತಿ ನನ್ನನ್ನು ಬೆರಗುಗೊಳಿಸಿತು. ನಾನು ಕೇಳಿದ ಇದೇ ಪ್ರಶ್ನೆಗೆ ಪೋಪ್ ಹನ್ನೆರಡನೇ ಪಿಯುಸ್ 1953ರ ಅಕ್ಟೋಬರ್ 8ರಂದು ಉತ್ತರ ಕೊಟ್ಟಿದ್ದರು. ಇಟಲಿಯ ಮೂತ್ರರೋಗ ತಜ್ಞರ ಸಮ್ಮೇಳನವನ್ನು ಉದ್ದೇಶಿಸಿ ಮಾತನಾಡುತ್ತಾ, ಪ್ರಾಸ್ಟೇಟ್ ಕ್ಯಾನ್ಸರಿನ ಹತೋಟಿಗಾಗಿ ಆರೋಗ್ಯವಾಗಿರುವ ವೃಷಣಗಳನ್ನು ತೆಗೆಯಬಹುದೇ ಎಂಬುದನ್ನೇ ಅವರು ವಿಚಾರ ಮಾಡಿದ್ದರು. ಆ ಅಂಗವು ಇರುವುದರಿಂದ ಅಥವಾ ಕೆಲಸ ಮಾಡುವುದರಿಂದ ಇಡೀ ದೇಹಕ್ಕೆ ಗಂಭೀರ ಹಾನಿಯಾಗುತ್ತಿರಬೇಕು. ಆ ಹಾನಿಯನ್ನು ತಪ್ಪಿಸಲು ಅಥವಾ ಸಾಕಷ್ಟು ತಗ್ಗಿಸಲು ಬೇರೆ ದಾರಿಯಿರಬಾರದು. ಕಳೆದುಕೊಳ್ಳುವುದನ್ನು ಸರಿದೂಗಿಸುವಷ್ಟು ಒಳಿತು ದೊರೆಯುವಂತಿರಬೇಕು. ಈ ಮೂರೂ ಇರುವಲ್ಲಿ ಅಂಥ ಶಸ್ತ್ರಚಿಕಿತ್ಸೆ ಧರ್ಮಸಮ್ಮತ, ಅಂಗವೇ ರೋಗಗ್ರಸ್ತವಾಗಿರಬೇಕೆಂಬ ನಿಯಮವಿಲ್ಲ ಎಂಬುದು ಅವರ ತೀರ್ಮಾನ.

"ಆದರೆ ಫಾದರ್, ಚುಚ್ಚುಮದ್ದು ಎಂಬ ಬೇರೆ ದಾರಿ ಇದೆಯಲ್ಲ?" ಎಂದು ನಾನು ಬಿಡದೆ ಕೇಳಿದೆ.

"ಇದೆ. ಅದು ನಿಮ್ಮ ಕೈಗೆ ಎಟಕುತ್ತದೆಯೇ? ತಪ್ಪದೆ ಹೋಗಿಬರುವ ಶಕ್ತಿ ನಿಮಗಿದೆಯೇ? ಕೈಗೆಟುಕದ ದಾರಿಯನ್ನು ದಾರಿ ಎನ್ನಲಾಗದು. ಅದನ್ನು ನೀವು, ಅಮ್ಮನವರು, ವೈದ್ಯರು ಕೂತು ನಿರ್ಧರಿಸಿ. ಚುಚ್ಚುಮದ್ದೇ ಆದರೂ ಪರಿಣಾಮ ಹೆಚ್ಚುಕಡಿಮೆ ಅದೇ ತಾನೇ?" ಎಂದರು.

ಆಮೇಲೆ ಅವರು ಹೇಳಿದ ಮಾತೇ ಈ ಲೇಖನದ ತಿರುಳು. ಸಂತಾನವನ್ನು ತಡೆಯಬೇಕೆಂಬ ಉದ್ದೇಶದಿಂದಲೇ ಮಾಡುವ ಕಾರ್ಯ ಬೇರೆ. ಜೀವವನ್ನು ಉಳಿಸಿಕೊಳ್ಳಲು ಮಾಡಿದ ಕಾರ್ಯದಿಂದ ಬಯಸದೆ ಬಂದ ಸಂತಾನಹೀನತೆ ಬೇರೆ. ಮೊದಲನೆಯದರಲ್ಲಿ ಬಂಜೆತನವೇ ಗುರಿ, ಎರಡನೆಯದರಲ್ಲಿ ಅದು ನಾವು ಹೊರುವ ಶಿಲುಬೆ. 1968ರಲ್ಲಿ ಪೋಪ್ ಆರನೇ ಪೌಲ್ ಹೊರಡಿಸಿದ 'ಹುಮಾನೆ ವೀಟೆ' ಎಂಬ ವಿಶ್ವಪತ್ರವೂ ರೋಗ ಗುಣಪಡಿಸಲು ನಿಜವಾಗಿ ಬೇಕಾದ ಚಿಕಿತ್ಸೆಯನ್ನು, ಅದರಿಂದ ಸಂತಾನಕ್ಕೆ ತಡೆಯಾಗುವುದು ಮೊದಲೇ ತಿಳಿದಿದ್ದರೂ, ಆ ತಡೆಯನ್ನೇ ಬಯಸದಿರುವ ತನಕ ತಪ್ಪೆಂದು ಹೇಳುವುದಿಲ್ಲ. ಹೊರಗಿನಿಂದ ನೋಡಿದರೆ ಎರಡು ಕಾರ್ಯಗಳ ಫಲ ಒಂದೇ. ಅವುಗಳ ನಡುವಿನ ಅಂತರವನ್ನು ದೇವರು ಹೃದಯದಲ್ಲಿ ಓದುತ್ತಾನೆ.

ನನ್ನ ಎರಡನೆಯ ಅಳುಕನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಗುರುಗಳಿಗೆ ಅದು ತಿಳಿಯಿತು. ನಾಡಿನ ಬಾಯಲ್ಲಿ ಇಂಥವನಿಗೆ ಎಂಥೆಂಥ ಹೆಸರುಗಳಿವೆಯೆಂದು ನಾವೆಲ್ಲ ಬಲ್ಲೆವು. ಗಂಡಸುತನ ಹೋದವನು ಎಂಬ ಅಡ್ಡಮಾತಿಗೆ ಕ್ಯಾನ್ಸರಿಗಿಂತ ಹೆಚ್ಚಾಗಿ ಹೆದರುವವರಿದ್ದಾರೆ. 325ರಲ್ಲಿ ನೈಸಿಯಾದಲ್ಲಿ ಸೇರಿದ ಮಹಾಸಭೆಯ ಮೊಟ್ಟಮೊದಲ ನಿಯಮವೇ ಈ ವಿಷಯದ್ದೆಂದು ಗುರುಗಳು ಹೇಳಿದರು. ಆರೋಗ್ಯವಾಗಿದ್ದೂ ತನ್ನನ್ನು ತಾನೇ ಛೇದಿಸಿಕೊಂಡವನು ಗುರುಸೇವೆಯಲ್ಲಿ ಮುಂದುವರಿಯಬಾರದು. ಆದರೆ ಕಾಯಿಲೆಯ ನಿಮಿತ್ತ ವೈದ್ಯರ ಕೈಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವನು ತನ್ನ ಸ್ಥಾನದಲ್ಲೇ ಉಳಿಯಬಹುದು. ಹದಿನೇಳು ಶತಮಾನಗಳ ಹಿಂದೆಯೇ ಧರ್ಮಸಭೆ ರೋಗಿಯ ಮಾನವನ್ನು ಕಾಪಾಡಿತ್ತು! ಶಸ್ತ್ರಚಿಕಿತ್ಸೆಗೆ ಮುನ್ನ ಬಂದು ಅಸ್ವಸ್ಥರ ಅಭ್ಯಂಗ ಸಂಸ್ಕಾರ ನೀಡುವುದಾಗಿ ಹೇಳಿ, ಯೆಶಾಯನ ಗ್ರಂಥದ 56ನೇ ಅಧ್ಯಾಯವನ್ನು ಇಬ್ಬರೂ ಕೂಡಿ ಓದಿರೆಂದು ಅವರು ನನ್ನನ್ನು ಕಳುಹಿಸಿಕೊಟ್ಟರು.

ಆ ರಾತ್ರಿ ಪತ್ನಿ ಓದಿದಳು, ನಾನು ಕೇಳಿದೆ. ಕಂಚುಕಿಯು ತನ್ನನ್ನು ಒಣಮರವೆಂದು ಕರೆದುಕೊಳ್ಳಬಾರದೆಂದು ಅಲ್ಲಿ ಸರ್ವೇಶ್ವರ ಹೇಳುತ್ತಾರೆ. ಗಂಡು ಹೆಣ್ಣು ಮಕ್ಕಳಿಗಿಂತ ಮಿಗಿಲಾದ, ಅಳಿಯದ ಹೆಸರನ್ನು ತಮ್ಮ ಆಲಯದಲ್ಲಿ ಅವನಿಗೆ ಕೊಡುವುದಾಗಿ ಮಾತು ಕೊಡುತ್ತಾರೆ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಇಥಿಯೋಪಿಯದ ಕಂಚುಕಿ ರಥದಲ್ಲಿ ಕುಳಿತು ಓದುತ್ತಿದ್ದುದು ಇದೇ ಪ್ರವಾದಿಯ ಗ್ರಂಥವನ್ನು. ಅವನು ಓದುತ್ತಿದ್ದ ಭಾಗದಿಂದ ಮೂರು ಅಧ್ಯಾಯ ಮುಂದಕ್ಕೆ ಹೋದರೆ ಅವನಿಗಾಗಿಯೇ ಬರೆದಂಥ ಈ ವಾಗ್ದಾನವಿತ್ತು. ಫಿಲಿಪ್ಪ ಅವನಿಗೆ ದೀಕ್ಷಾಸ್ನಾನ ಕೊಡುವಾಗ ಅವನ ದೇಹದ ಕೊರತೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಓದಿ ಮುಗಿಸಿದ ಬಳಿಕ ಆಕೆ ಬಹಳ ಹೊತ್ತು ಸುಮ್ಮನಿದ್ದಳು. ನಾವು ಮಗುವಿಗಾಗಿ ಅಳುತ್ತಿದ್ದ ವರ್ಷಗಳಲ್ಲಿ, ಎಲ್ಕಾನನು ಹನ್ನಳಿಗೆ ಹೇಳಿದ ಮಾತನ್ನು ನೆನಪಿಸಿ, ಹತ್ತು ಮಕ್ಕಳಿಗಿಂತ ನಾನು ನಿನಗೆ ಹೆಚ್ಚಲ್ಲವೇ ಎಂದು ನಾನು ಆಕೆಯನ್ನು ಸಂತೈಸುವುದಿತ್ತು. ಆಗೆಲ್ಲ ಆಕೆ ಉತ್ತರ ಕೊಟ್ಟವಳಲ್ಲ. ಅಂದು ಕೊಟ್ಟಳು. "ರೀ, ಆ ಬಾಗಿಲು ಮುಚ್ಚಿ ಎಷ್ಟೋ ವರ್ಷವಾಯಿತು. ಈಗ ಬೀಗ ಹಾಕುತ್ತಿದ್ದಾರೆ, ಅಷ್ಟೇ. ನೀವು ಅಂದು ಕೇಳುತ್ತಿದ್ದಿರಲ್ಲ, ಹತ್ತು ಮಕ್ಕಳಿಗಿಂತ ಹೆಚ್ಚಲ್ಲವೇ ಎಂದು. ಹೌದು, ಹೆಚ್ಚು. ಸಹಿ ಹಾಕಿ."

ಮಾರನೆಯ ವಾರ ಆಸ್ಪತ್ರೆಯಲ್ಲಿ ಕೊನೆಯ ಸಾಲಿನ ಬಳಿ ನಿಂತ ಲೇಖನಿಯನ್ನು ಮುಂದೆ ಸಾಗಿಸಿದ್ದು ಆ ಮಾತೇ.

ಶಸ್ತ್ರಚಿಕಿತ್ಸೆ ಒಂದು ಗಂಟೆಯೊಳಗೆ ಮುಗಿಯಿತು. ಮರುದಿನ ಮನೆಗೆ ಬಂದೆವು. ಕೆಲವೇ ವಾರಗಳಲ್ಲಿ ಬೆನ್ನಿನ ನೋವು ಇಳಿಯಿತು, ಪೂಜೆಯ ಹೊತ್ತಿಗೆ ನೆಟ್ಟಗೆ ನಿಲ್ಲುವಂತಾದೆ. ಕಷ್ಟಗಳೇ ಇಲ್ಲವೆಂದರೆ ಸುಳ್ಳಾದೀತು. ದೇಹದ ಬಲ ತಗ್ಗಿದೆ, ಮನಸ್ಸು ಕಾರಣವಿಲ್ಲದೆ ಕುಗ್ಗುವುದುಂಟು, ದಾಂಪತ್ಯದ ದೈಹಿಕ ಬಯಕೆ ಇಲ್ಲವಾಗಿದೆ. ಮೂಳೆ ಸವೆಯದಂತೆ ಮಾತ್ರೆ ನುಂಗುತ್ತಾ ನಿತ್ಯ ನಡೆಯಬೇಕು. ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯೇರಿ ಬೆವರುತ್ತದೆ. ಮೊದಲ ಬಾರಿ ಹಾಗಾದಾಗ ಪತ್ನಿ ಬೀಸಣಿಗೆ ತಂದು ಕೊಟ್ಟು, "ಮುಟ್ಟು ನಿಂತಾಗ ನನಗೂ ಹೀಗೇ ಆಗುತ್ತಿತ್ತು. ಆಗ ನೀವು ಪತ್ರಿಕೆಯಿಂದ ತಲೆ ಎತ್ತಲಿಲ್ಲ" ಎಂದು ನಕ್ಕಳು. ಆಕೆಯ ಎಷ್ಟು ನೋವುಗಳನ್ನು ನಾನು ನೋಡದೆ ಕಳೆದಿದ್ದೆನೆಂದು ನನಗೆ ಅರಿವಾದುದು ಆಗ.

ಇದೆಲ್ಲವನ್ನೂ ನನ್ನೊಳಗೇ ಇಟ್ಟುಕೊಳ್ಳಬಹುದಿತ್ತು. ಬರೆಯುವಂತೆ ಮಾಡಿದ್ದು ನಮ್ಮ ಧರ್ಮಕೇಂದ್ರದ ಒಬ್ಬ ತಂದೆ. ಭಾನುವಾರದ ಪೂಜೆಯ ನಂತರ ಅವರು ನನ್ನನ್ನು ಮರದ ಕೆಳಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು. ಅವರ ಇಪ್ಪತ್ತನಾಲ್ಕು ವರ್ಷದ ಮಗನಿಗೆ ಒಂದು ವೃಷಣದಲ್ಲಿ ಗಟ್ಟಿಯಾದ ಗಂಟು. ನೋವಿಲ್ಲವೆಂದು, ನಾಚಿಕೆಯೆಂದು ಹುಡುಗ ನಾಲ್ಕು ತಿಂಗಳು ಮುಚ್ಚಿಟ್ಟಿದ್ದ. ಈಗ ಆ ವೃಷಣವನ್ನು ತೆಗೆಯಬೇಕು. ಮದುವೆಯ ಮಾತುಕತೆ ನಡೆಯುತ್ತಿದೆ. "ಅವನಿಗಿನ್ನು ಮಕ್ಕಳೇ ಆಗುವುದಿಲ್ಲವೇ ಮೇಷ್ಟ್ರೇ?"

ವೈದ್ಯರಲ್ಲಿ ವಿಚಾರಿಸಿದಾಗ ತಿಳಿದುದು ಧೈರ್ಯ ಕೊಡುವಂಥದ್ದು. ಒಂದನ್ನು ತೆಗೆದರೂ ಇನ್ನೊಂದು ಆರೋಗ್ಯವಾಗಿದ್ದರೆ ಸಾಮಾನ್ಯವಾಗಿ ಹಾರ್ಮೋನಿಗೂ ಸಂತಾನಕ್ಕೂ ಅದೇ ಸಾಕು. ತಾರುಣ್ಯದಲ್ಲಿ ಬರುವ ಈ ಕ್ಯಾನ್ಸರ್ ಬೇಗನೆ ಕೈಗೆ ಸಿಕ್ಕರೆ ಬಹುಮಟ್ಟಿಗೆ ಗುಣವಾಗುವಂಥದ್ದು. ಕೀಮೋಥೆರಪಿ ಬೇಕಾದರೆ ಅದರಿಂದ ಸಂತಾನಶಕ್ತಿ ಕುಂದಬಹುದು. ಅದಕ್ಕೆ ಮೊದಲು ವೀರ್ಯವನ್ನು ಶೇಖರಿಸಿಡುವ ಸಲಹೆಯನ್ನು ವೈದ್ಯರು ನೀಡುವುದುಂಟು. ಕೃತಕ ಗರ್ಭಧಾರಣೆಯ ಬಗ್ಗೆ ಧರ್ಮಸಭೆಯ ಬೋಧನೆ ಬೇರೆಯಿರುವುದರಿಂದ ಗುರುಗಳೊಂದಿಗೆ ಮಾತನಾಡದೆ ಅದನ್ನು ನಿರ್ಧರಿಸಬಾರದು. ಇನ್ನು ಮದುವೆಯ ವಿಷಯ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1084ನೇ ನಿಯಮದಂತೆ ಸಂತಾನಹೀನತೆ ಮದುವೆಗೆ ಅಡ್ಡಿಯಲ್ಲ, ಮದುವೆಯನ್ನು ಅಸಿಂಧುವಾಗಿಸುವುದೂ ಇಲ್ಲ. ಆದರೆ ಅದನ್ನು ಮೋಸದಿಂದ ಮುಚ್ಚಿಟ್ಟು ಒಪ್ಪಿಗೆ ಪಡೆದರೆ ಆ ಮದುವೆಯ ಬುಡವೇ ಅಲುಗಾಡುತ್ತದೆ. ಆದುದರಿಂದ ಹುಡುಗಿಗೂ ಅವಳ ಮನೆಯವರಿಗೂ ಮುಂಚೆಯೇ ಎಲ್ಲವನ್ನೂ ತಿಳಿಸಿರೆಂದು ನಾನು ಆ ತಂದೆಗೆ ಹೇಳಿದೆ. ಅವರು ತಿಳಿಸಿದರು. ಮಾತುಕತೆ ಇನ್ನೂ ಮುಂದುವರಿದಿದೆ.

ಪ್ರಿಯ ಓದುಗರೇ, ನಮ್ಮ ಮನೆಗಳಲ್ಲಿ ಗಂಡಸರು ಈ ಅಂಗಗಳ ಕಾಯಿಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಾನು ಹೇಳದೆ ಕಳೆದ ತಿಂಗಳುಗಳಲ್ಲಿ ರೋಗ ಮೂಳೆಗೆ ಇಳಿಯಿತು. ದೇವರು ಸೃಷ್ಟಿಸಿದ ಯಾವ ಅಂಗದ ಹೆಸರೂ ನಾಚಿಕೆಗೆ ಕಾರಣವಾಗಬಾರದು. ಹಾಗೆಯೇ, ಪ್ರಾಣ ಉಳಿಸಿಕೊಳ್ಳಲು ಏನನ್ನೋ ಕಳೆದುಕೊಂಡವನನ್ನು ಅರ್ಧಮನುಷ್ಯನಂತೆ ನೋಡುವ ಹಕ್ಕು ನಮಗಾರಿಗೂ ಇಲ್ಲ.

ಈಗಲೂ ಭಾನುವಾರ ಮಧ್ಯಾಹ್ನ ನಮ್ಮ ಮನೆಯಂಗಳದಲ್ಲಿ ಹನ್ನೆರಡು ಮಕ್ಕಳು ಸತ್ಯೋಪದೇಶಕ್ಕೆ ಕೂಡುತ್ತಾರೆ. ಗದ್ದಲ ಹೆಚ್ಚಾದಾಗ ಪತ್ನಿ ಒಳಗಿನಿಂದ ಗದರುತ್ತಾಳೆ, ಆಮೇಲೆ ಎಲ್ಲರಿಗೂ ಪಾನಕ ತಂದು ಕೊಡುತ್ತಾಳೆ. ಅವರು ಹೋದ ಮೇಲೆ ನಾವಿಬ್ಬರೂ ಜಪಸರ ಹಿಡಿದು ಕುಳಿತುಕೊಳ್ಳುತ್ತೇವೆ. ಕೊಡದೇ ಇದ್ದುದಕ್ಕಾಗಿ ದೇವರನ್ನು ಕೇಳುವುದನ್ನು ಬಿಟ್ಟಿದ್ದೇವೆ. ಕೊಟ್ಟಿರುವ ದಿನಗಳಿಗಾಗಿ ಕೃತಜ್ಞತೆ ಹೇಳುತ್ತೇವೆ.