ತಲಕಾಡಿನ ಮರಳು ಮತ್ತು ನನ್ನದೊಂದು ಸುಳ್ಳು

ಯುಗಾದಿ ಕಳೆದೊಡನೆ ತಲಕಾಡಿಗೆ ಹೋಗಿಬರಬೇಕೆಂದು ನಿಶ್ಚಯಿಸಿದ್ದೇನೆ. "ಮಂಡಿನೋವು ಇಟ್ಟುಕೊಂಡು ಮರಳಿನಲ್ಲಿ ನಡೆಯುತ್ತೀರಾ?" ಎಂದು ನನ್ನಾಕೆ ಕೇಳಿದಳು. ಕಾರಣವನ್ನು ಅವಳಿಗೂ ಇದುವರೆಗೆ ಹೇಳಿರಲಿಲ್ಲ. ಈಗ ಎಲ್ಲರೆದುರು ಹೇಳಿಬಿಡುತ್ತೇನೆ.

1984ರ ಮಾತು. ಬುಕ್ಕಾಪಟ್ಟಣದ ಕಡೆಯ ಶಾಲೆಯೊಂದರಲ್ಲಿ ಏಳನೆಯ ತರಗತಿಗೆ ಇತಿಹಾಸ ಬೋಧಿಸುತ್ತಿದ್ದೆ. ಗಂಗರ ರಾಜಧಾನಿ ತಲಕಾಡು, ಅದನ್ನು ವಶಪಡಿಸಿಕೊಂಡ ಚೋಳರು, ಅವರನ್ನು ಸೋಲಿಸಿ 'ತಲಕಾಡುಗೊಂಡ'ನೆನಿಸಿಕೊಂಡ ವಿಷ್ಣುವರ್ಧನ, ಆ ವಿಜಯದ ನೆನಪಿಗೆ ಕಟ್ಟಿಸಿದ ಕೀರ್ತಿನಾರಾಯಣ ದೇವಾಲಯ - ಇವನ್ನೆಲ್ಲ ವಿವರಿಸಿ ಕೊನೆಗೆ ಅಲಮೇಲಮ್ಮನ ಕಥೆಗೆ ಬಂದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದ ಮೇಲೆ, ಒಡವೆಗಳಿಗಾಗಿ ಬೆನ್ನಟ್ಟಿದವರಿಂದ ತಪ್ಪಿಸಿಕೊಳ್ಳಲು ಆಕೆ ಶಾಪವಿತ್ತು ಕಾವೇರಿಗೆ ಧುಮುಕಿದಳಂತೆ; ಆ ಶಾಪದಿಂದಲೇ ತಲಕಾಡು ಮರಳಿನಲ್ಲಿ ಹೂತುಹೋಯಿತಂತೆ.

ಹಿಂದಿನ ಸಾಲಿನಲ್ಲಿದ್ದ ಕುರಿಗಾರರ ಮನೆಯ ಹುಡುಗನೊಬ್ಬ ಎದ್ದು ನಿಂತ. "ಸಾರ್, ಅಷ್ಟೊಂದು ಮರಳು ಎಲ್ಲಿಂದ ಬಂತು? ನೀವು ನೋಡಿದ್ದೀರಾ?"

"ನೋಡಿದ್ದೇನೆ, ಕೂತ್ಕೊ" ಎಂದೆ. ನೋಡಿರಲಿಲ್ಲ. ಮೊದಲನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವೂ ಇರಲಿಲ್ಲ.

ನಿವೃತ್ತನಾದ ಮೇಲೆ ಓದಿ ತಿಳಿದುಕೊಂಡೆ. ತಲಕಾಡಿನ ಬಳಿ ಕಾವೇರಿ ಬಳಸಿಕೊಂಡು ತಿರುಗುತ್ತದೆ. ವಿಜಯನಗರದ ಕಾಲದಲ್ಲಿ ಮೇಲ್ಭಾಗದಲ್ಲಿ ಮಾಧವಮಂತ್ರಿ ಕಟ್ಟೆ ನಿರ್ಮಾಣವಾದ ಮೇಲೆ ನೀರಿನ ಹರಿವು ಬದಲಾಗಿ ನದೀಪಾತ್ರದ ಮರಳು ಬಯಲಿಗೆ ಬಿತ್ತು. ನೈಋತ್ಯದ ಗಾಳಿ ಅದನ್ನು ಊರ ಮೇಲೆ ತಂದು ಸುರಿಯಿತು ಎಂಬುದು ವಿದ್ವಾಂಸರು ಮುಂದಿಟ್ಟ ವಿವರಣೆ. ಮರಳನ್ನು ಹಿಡಿದು ನಿಲ್ಲಿಸಲು ಮುಂದೆ ಗಿಡಮರಗಳನ್ನು ಬೆಳೆಸಿದರು.

ನಮ್ಮ ಸೀಮೆಯಲ್ಲಿ ಇದಕ್ಕೆ ವಿರುದ್ಧವಾದುದನ್ನು ಕಂಡಿದ್ದೇನೆ. ಜಯಮಂಗಲಿ, ಸುವರ್ಣಮುಖಿಯರ ಮರಳು ಲಾರಿಗಳಲ್ಲಿ ಹೋಯಿತು. ದಂಡೆಯ ಬಾವಿಗಳು ಬತ್ತಿದವು. ಅಲ್ಲಿ ಮರಳು ಬಂದು ಊರು ಮುಚ್ಚಿತು, ಇಲ್ಲಿ ಮರಳು ಹೋಗಿ ನೀರು ಇಂಗಿತು. ಎರಡರಲ್ಲಿಯೂ ಮನುಷ್ಯನ ಕೈವಾಡವಿದೆ. ಶಾಪವೊಂದನ್ನೇ ಹೇಳಿ ಪಾಠ ಮುಗಿಸಿದ್ದು ನನ್ನ ಸುಳ್ಳಿಗಿಂತಲೂ ದೊಡ್ಡ ತಪ್ಪೆಂದು ಈಗ ಅನ್ನಿಸುತ್ತದೆ.

ಕಳೆದ ವಾರ ಸಂತೆಯಲ್ಲಿ ಅದೇ ಹುಡುಗ ಸಿಕ್ಕಿದ. ಅವನಿಗೀಗ ಐವತ್ತು ದಾಟಿದೆ. ತಪ್ಪೊಪ್ಪಿಕೊಂಡೆ. ಅವನಿಗೆ ಆ ಪ್ರಶ್ನೆಯ ನೆನಪೇ ಇಲ್ಲ! ನಲವತ್ತು ವರ್ಷ ಹೊತ್ತವನು ನಾನೊಬ್ಬನೇ. "ಅದಕ್ಕೇನಂತೆ, ಇಬ್ಬರೂ ನೋಡೋಣ ಬನ್ನಿ ಸಾರ್, ನನ್ನ ಜೀಪಿದೆ" ಎಂದ.

ಪಂಚಲಿಂಗ ದರ್ಶನದ ಜನಸಂದಣಿ ನನ್ನ ಮಂಡಿಗೆ ಆಗದು. 2020ರ ಡಿಸೆಂಬರಿನಲ್ಲಿಯೂ ಹೋಗಲಿಲ್ಲ. ಆದ್ದರಿಂದ ಈ ವಸಂತವೇ ಸರಿ. ಹಿಂದಿನ ದಿನ ಹೊರಟು, ಶಿರಾ, ತುಮಕೂರು, ಕುಣಿಗಲ್, ಮದ್ದೂರಿನ ಮಾರ್ಗವಾಗಿ ಮಳವಳ್ಳಿಯ ನಾದಿನಿಯ ಮನೆಯಲ್ಲಿ ರಾತ್ರಿ ತಂಗುವುದು; ಬೆಳಗಿನ ಜಾವವೇ ತಲಕಾಡು ಸೇರಿ, ಮರಳು ಕಾಯುವ ಮುನ್ನ ಪಾತಾಳೇಶ್ವರ, ಮರುಳೇಶ್ವರ, ವೈದ್ಯೇಶ್ವರ, ಕೀರ್ತಿನಾರಾಯಣರನ್ನು ನೋಡಿ ಮುಗಿಸುವುದು. ಅನಂತರ ನೆರಳಿನಲ್ಲಿ ಕುಳಿತು ಬುತ್ತಿ. ಹೊಳೆಯಲ್ಲಿ ಮಡುಗಳಿರುವುದರಿಂದ ಯಾರೂ ಈಜಲು ಇಳಿಯತಕ್ಕದ್ದಲ್ಲ. ಮೇಷ್ಟರ ಮಾತು ಇನ್ನೂ ನಡೆಯುವುದಾದರೆ ಇದೊಂದು ನಡೆಯಲಿ.

ಜೀಪಿನಲ್ಲಿ ಇನ್ನೂ ಮೂವರಿಗೆ ಜಾಗವಿದೆ. ಬರುವವರು ತಿಳಿಸಿ. ಪ್ರಶ್ನೆಗಳನ್ನೂ ತನ್ನಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಹೇಳುತ್ತೇನೆ.