ಉಪ್ಪರಿಗೆಯ ಇಳಿಜಾರು

ಏಣಿಮೆಟ್ಟಿಲು ಹತ್ತಿ ಉಪ್ಪರಿಗೆಗೆ ಕಾಲಿಟ್ಟರೆ ಮೊದಲು ತಿಳಿಯುವುದು ಪಾದಕ್ಕೆ. ತೀರ್ಥಹಳ್ಳಿ ಕಡೆಯ ಹಳೇ ಮನೆ. ಮಣ್ಣಿನ ಗೋಡೆ, ಮಂಗಳೂರು ಹೆಂಚು, ಮರದ ಹಲಗೆ ಹಾಸಿದ ನೆಲ. ಮಳೆಗಾಲ ಈಗಷ್ಟೇ ಮುಗಿದಿದೆ. ಪಡುವಣ ಗೋಡೆಯತ್ತ ನಡೆದರೆ ಹೆಜ್ಜೆ ತಾನಾಗಿ ಜೋರಾಗುತ್ತದೆ. ನಿಮ್ಮ ಮಗ ಗೋಲಿ ಬಿಡುತ್ತಾನೆ. ಅದು ಉರುಳಿ ಮೂಲೆ ಸೇರುತ್ತದೆ.

ನೋಡಲು ಬಂದ ಬಡಗಿ ಆಚಾರ್ರು ಗೋಲಿಯತ್ತ ನೋಡುವುದೂ ಇಲ್ಲ. "ಇಳಿಜಾರು ಇದೆ ಅಂತ ಅದು ಹೇಳ್ತದೆ ಗೌಡ್ರೆ. ಯಾಕೆ ಅಂತ ಹೇಳಲ್ಲ."

ಅವರ ಚೀಲದಿಂದ ನೀರು ತುಂಬಿದ ಪಾರದರ್ಶಕ ಪೈಪು ಹೊರಬರುತ್ತದೆ. ಒಂದು ತುದಿ ನಿಮ್ಮ ಕೈಗೆ. ಅವರು ಇನ್ನೊಂದು ತುದಿ ಹಿಡಿದು ಮೂಲೆ ಮೂಲೆಗೆ ಹೋಗಿ, ನೀರು ನಿಂತಲ್ಲಿ ಗೋಡೆಗೆ ಸೀಮೆಸುಣ್ಣ ಎಳೆದು, ಅಲ್ಲಿಂದ ನೆಲಕ್ಕೆ ಟೇಪು ಬಿಡುತ್ತಾರೆ. ಕೋಣೆಯ ನಡುವೆ ಮುಕ್ಕಾಲು ಇಂಚು ತಗ್ಗು, ಪಡುವಣ ಮೂಲೆಯಲ್ಲಿ ಒಂದೂವರೆ. ಒಂದೇ ಇಳಿಜಾರು ಅಂದುಕೊಂಡಿದ್ದು ಎರಡಾಯಿತು.

ನಡುವಿನದು ಮುಪ್ಪಿನ ಬಾಗು. ಹನ್ನೆರಡು ಅಡಿ ಉದ್ದದ ಜಂತೆಗಳ ಮೇಲೆ ದಶಕಗಳ ಕಾಲ ಭತ್ತದ ಮೂಟೆ ಕೂತಿದ್ದವು. ಸದಾ ಹೊರೆ ಹೊತ್ತ ಮರ ನಿಧಾನಕ್ಕೆ ಬಾಗುತ್ತದೆ, ಹೊರೆ ಇಳಿಸಿದರೂ ಪೂರ್ತಿ ಮೇಲೇಳುವುದಿಲ್ಲ. ಈಗಿನ ಎಂಜಿನಿಯರುಗಳು ಬಳಕೆಯ ಹೊರೆಗೆ ಉದ್ದದ 360ರಲ್ಲಿ ಒಂದು ಪಾಲು, ಅಂದರೆ ಇಲ್ಲಿ ಸುಮಾರು ಒಂದು ಸೆಂಟಿಮೀಟರ್ ಬಾಗನ್ನು ಸಾಮಾನ್ಯವಾಗಿ ಒಪ್ಪುತ್ತಾರೆ. ಹಳೇ ಮರದಲ್ಲಿ ಎರಡು ಕಂಡರೆ ಗಾಬರಿ ಬೇಡ. ಆಚಾರ್ರು ಹಿಮ್ಮಡಿ ಊರಿ ಒಮ್ಮೆ ಕುಪ್ಪಳಿಸುತ್ತಾರೆ. ನೆಲ ತೂಗಾಡುವುದಿಲ್ಲ.

ಮೂಲೆಯಲ್ಲಿ ಕಥೆ ಬೇರೆ. ಹಲಗೆಗಳ ಅಂಚು ಮೇಲೆದ್ದು ನಡು ಗುಳಿಬಿದ್ದಿದೆ. ಕೆಳಗಿನಿಂದ ತೇವ ಕುಡಿದ ಗುರುತು ಅದು.

ಕೆಳಗಿಳಿದು ಟಾರ್ಚ್ ಹಿಡಿಯುತ್ತೀರಿ. ಸುತ್ತಿಗೆಯ ಹಿಡಿಯಿಂದ ಅವರು ತೊಲೆಯನ್ನು ತಟ್ಟುತ್ತಾ ಬರುತ್ತಾರೆ. ಠಣ್, ಠಣ್. ಗೋಡೆಗೆ ಒಂದು ಅಡಿ ಇರುವಾಗ ಸದ್ದು ಸತ್ತುಹೋಗುತ್ತದೆ. ಸ್ಕ್ರೂಡ್ರೈವರ್ ಚುಚ್ಚಿದರೆ ಎರಡು ಬೆರಳಷ್ಟು ಒಳಗೆ. ಹೊರಬಂದದ್ದು ಕಂದುಬಣ್ಣದ, ಚೌಕ ಚೌಕವಾಗಿ ಒಡೆದ ಚೂರು. ಬೆರಳಲ್ಲಿ ತಿಕ್ಕಿದರೆ ಪುಡಿ. ಗೆದ್ದಲೇ? ಗೋಡೆಯ ಮೇಲೆ ಮಣ್ಣಿನ ಹಾದಿ ಎಲ್ಲೂ ಇಲ್ಲ. ಇದು ಬೂಷ್ಟಿನ ಕೆಲಸ. ಮರದ ತೇವ ಶೇ. 20ಕ್ಕಿಂತ ಕಡಿಮೆ ಇದ್ದರೆ ಅದು ಬೆಳೆಯದು. ಹೆಂಚು ಒಡೆದು ನೀರು ಗೋಡೆಗೆ ಇಳಿದಿದೆ, ಗೋಡೆ ಅದನ್ನು ತೊಲೆಯ ತುದಿಗೆ ಕುಡಿಸಿದೆ. ತೊಲೆಗಳು ನಡುವೆ ಮುರಿಯುತ್ತವೆಂದು ಜನ ಹೆದರುತ್ತಾರೆ. ಅವು ಹಾಳಾಗುವುದು ಹೆಚ್ಚಾಗಿ ಕಣ್ಣಿಗೆ ಬೀಳದ ಈ ಗೋಡೆಯೊಳಗೆ.

ಕಿಟಕಿಯ ಮೂಲೆಯಿಂದ ಓರೆಯಾಗಿ ಎದ್ದ ಬಿರುಕು ನಿಮ್ಮ ಎದೆ ಝಲ್ಲೆನಿಸುತ್ತದೆ. ಅವರು ಟಾರ್ಚನ್ನು ಬಿರುಕಿನೊಳಕ್ಕೇ ಬಿಡುತ್ತಾರೆ: ಒಳಗೆಲ್ಲ ಹಳೇ ಸುಣ್ಣ. ಎಷ್ಟೋ ಸಲ ಸುಣ್ಣ ಬಳಿಯುವ ಮೊದಲೇ ಬಿಟ್ಟದ್ದು. ಪಕ್ಕದ ಬಾಗಿಲ ನೆತ್ತಿಯನ್ನೂ ಯಾರೋ ಓರೆಯಾಗಿ ಹತ್ತರಿ ಹೊಡೆದು ಕೂರಿಸಿದ್ದಾರೆ; ಮನೆ ಆಗಲೇ ಒಮ್ಮೆ ಅಲುಗಿ ನಿಂತಿದೆ. ಆದರೆ ತೊಲೆಯ ಕೆಳಗಿನ ಸಣ್ಣ ಬಿರುಕಿನಲ್ಲಿ ಹೊಸ ಕೆಂಪುಮಣ್ಣು ಹೊಳೆಯುತ್ತಿದೆ. ಅದರ ಎರಡೂ ಬದಿಗೆ ಅವರು ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯುತ್ತಾರೆ.

"ಮೇಲೆ ಸಿಮೆಂಟ್ ಹಾಕಿ ಮಟ್ಟ ಮಾಡಿ ಟೈಲ್ಸ್ ಹಾಕಿಸಿದ್ರೆ?" ಎಂದು ಕೇಳುತ್ತೀರಿ. ಪೇಟೆಯ ಮೇಸ್ತ್ರಿ ಕೊಟ್ಟ ಸಲಹೆ. ಎರಡು ಇಂಚು ದಪ್ಪ ಹಾಕಿದರೂ ಹನ್ನೆರಡಡಿ ಚೌಕದ ಈ ಕೋಣೆಗೆ ಒಂದೂವರೆ ಟನ್ನಿಗೂ ಹೆಚ್ಚು ಭಾರ, ಅದೂ ಕೊಳೆತ ತುದಿಯ ಮೇಲೆ. ಮಟ್ಟ ಮಾಡುವ ಆಸೆಗೆ ಮನೆ ಬೀಳಿಸಿಕೊಳ್ಳುವ ದಾರಿ ಇದು.

ಆಚಾರ್ರು ಆಗಲೇ ಆಸರೆಗಂಬಕ್ಕೆ ಅಳತೆ ತೆಗೆಯುತ್ತಿದ್ದಾರೆ. ಜಾಕಿ ಕೊಟ್ಟು ದಿನಕ್ಕೆ ಇಷ್ಟಿಷ್ಟೇ ಎತ್ತಬೇಕು, ಕೊಳೆತ ತುದಿ ಕೊಯ್ದು ಹೊಸ ಮರ ಬೆಸೆದು ಕಬ್ಬಿಣದ ಪಟ್ಟಿ ಬಿಗಿಯಬೇಕು, ಗೋಡೆಯೊಳಗೆ ಕಲ್ಲಿನ ಮೇಲೆ ಕೂರಿಸಿ ಸುತ್ತ ಗಾಳಿಯಾಡಲು ಜಾಗ ಬಿಡಬೇಕು.

"ಆ ಮೂಲೆಯ ಕಪಾಟು ಇವತ್ತೇ ಕೆಳಗಿಳಿಸಿ. ಹೆಂಚಿನವನಿಗೆ ಈಗ್ಲೇ ಫೋನ್ ಮಾಡಿ ಗೌಡ್ರೆ. ಕಂಬ ನಾನು ಸಂಜೆಗೇ ಕೊಡ್ತೀನಿ, ತೊಲೆ ಕೆಲ್ಸ ಸೋರೋದು ನಿಂತ ಮೇಲೆ."